ಡಿಸ್ಕ್ಯಾಲ್ಕುಲಿಯಾ ಇರುವ ಮಗುವಿಗೆ ಲೆಕ್ಕ ಕಲಿಸಲು ಏನೇನು ಬೇಕು?

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಓದು-ಬರಹದಲ್ಲಿ ಚುರುಕು. ಆದರೆ 8 + 5 ಎಷ್ಟು ಅಂತ ಕೇಳಿದರೆ ಈಗಲೂ ಒಂದರಿಂದ ಬೆರಳು ಮಡಚಿ ಎಣಿಸುತ್ತಾಳೆ. ಮುನ್ನೂರ ಐದು ಬರೆ ಅಂದರೆ 3005 ಬರೆಯುತ್ತಾಳೆ. ರಾತ್ರಿ ಒಪ್ಪಿಸಿದ ಆರರ ಮಗ್ಗಿ ಬೆಳಿಗ್ಗೆ ಮರೆತಿರುತ್ತದೆ. ಮನಶ್ಶಾಸ್ತ್ರಜ್ಞರೊಬ್ಬರು ಪರೀಕ್ಷೆ ಮಾಡಿ ಡಿಸ್ಕ್ಯಾಲ್ಕುಲಿಯಾ ಎಂದಿದ್ದಾರೆ. ಅಬ್ಯಾಕಸ್ ಕ್ಲಾಸಿಗೆ ಸೇರಿಸಿದ್ದೇವೆ, ಮೂರು ಆ್ಯಪ್ ಹಾಕಿಕೊಟ್ಟಿದ್ದೇವೆ, ವರ್ಕ್‌ಶೀಟ್ ಪುಸ್ತಕಗಳ ರಾಶಿಯೇ ಇದೆ. ಇನ್ನೇನು ಕೊಳ್ಳಬೇಕು? ಯಾವ ಆ್ಯಪ್ ಒಳ್ಳೆಯದು? ಮಗ್ಗಿ ಬಾಯಿಪಾಠ ನಿಲ್ಲಿಸಬೇಕೆ? ಶಾಲೆಯಲ್ಲಿ ಏನು ಕೇಳಬೇಕು?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಇರುವುದರಲ್ಲೇ ಮುಕ್ಕಾಲು ಪಾಲು ಕಣ್ಣಿಗೆ ಕಾಣದ ಕಡೆ ಎತ್ತಿಡಿ. ಇಂಥ ಮಕ್ಕಳ ಮನೆಗಳಲ್ಲಿ ಸಾಮಗ್ರಿಗೆ ಕೊರತೆ ಇರುವುದು ಅಪರೂಪ. ಒಂದೇ ಸಾಮಗ್ರಿಯ ಮುಂದೆ ತಿಂಗಳುಗಟ್ಟಲೆ ಕೂತು ಮಾತಾಡುವುದು ಮಾತ್ರ ನಡೆದಿರುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು ಎನ್ನುವುದಕ್ಕೆ ನೀವು ಬರೆದ ಸಾಲುಗಳಲ್ಲೇ ಬೇಕಾದಷ್ಟು ಸುಳಿವಿದೆ. 8 + 5ಕ್ಕೆ ಒಂದರಿಂದ ಎಣಿಸುತ್ತಾಳೆ ಎಂದರೆ ಅವಳ ಪಾಲಿಗೆ ಎಂಟು ಎನ್ನುವುದು ಒಂದು ಗುಂಪಾಗಿ ಇನ್ನೂ ನಿಂತಿಲ್ಲ. ಒಂದರಿಂದ ಹೊರಟು ಏಳು ಹೆಸರು ದಾಟಿದ ಮೇಲೆ ಸಿಗುವ ಎಂಟನೇ ಹೆಸರು ಅದು. 3005 ಬರೆಯುವುದೂ ಅಜಾಗರೂಕತೆಯಿಂದಲ್ಲ. ಕಿವಿಗೆ ಬಿದ್ದ ಹಾಗೇ ಬರೆದಿದ್ದಾಳೆ: ಮುನ್ನೂರಕ್ಕೆ 300, ಐದಕ್ಕೆ 5. ಹೀಗೆ ಬರೆಯುವ ಮಗುವಿಗೆ ನೂರು, ಹತ್ತು, ಬಿಡಿ ಎಂಬ ಪದಗಳು ಗೊತ್ತಿರುತ್ತವೆ, ಒಂದು ಅಂಕಿ ನಿಂತ ಜಾಗಕ್ಕೇ ಬೆಲೆ ಇದೆ ಎನ್ನುವುದು ಕೈಗೆ ಹತ್ತಿರುವುದಿಲ್ಲ. ಮಗ್ಗಿ ಮರೆಯುವುದು ಇವೆರಡರ ಪರಿಣಾಮ. ಅರ್ಥದ ಆಸರೆಯಿಲ್ಲದ ಸಾಲುಗಳು ಯಾರ ತಲೆಯಲ್ಲೂ ಹೆಚ್ಚು ದಿನ ನಿಲ್ಲುವುದಿಲ್ಲ.

ತೊಂದರೆಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಬೆಳವಣಿಗೆಯ ಹಂತದಲ್ಲೇ ಕಾಣಿಸಿಕೊಳ್ಳುವ ಡಿಸ್ಕ್ಯಾಲ್ಕುಲಿಯಾಕ್ಕೆ ಸ್ಪಷ್ಟ ವ್ಯಾಖ್ಯೆ ಕೊಟ್ಟದ್ದು ಮನಶ್ಶಾಸ್ತ್ರಜ್ಞ ಲಾಡಿಸ್ಲಾವ್ ಕೋಶ್ಚ್, 1974ರಲ್ಲಿ. ಬುದ್ಧಿಶಕ್ತಿ ಸಾಮಾನ್ಯವಾಗಿಯೇ ಇದ್ದು ಲೆಕ್ಕದಲ್ಲಿ ಮಾತ್ರ ಕಾಣುವ ತೊಡಕು ಎಂಬುದು ಅದರ ತಿರುಳು. ಸುಮಾರು 3ರಿಂದ 7 ಶೇಕಡಾ ಮಕ್ಕಳಲ್ಲಿ ಇದು ಇದೆ ಎಂಬುದು ಸಾಮಾನ್ಯ ಅಂದಾಜು. ಬ್ರಿಯಾನ್ ಬಟರ್‌ವರ್ತ್ ಅವರಂಥ ಸಂಶೋಧಕರ ಪ್ರಕಾರ ಇದರ ಬುಡದಲ್ಲಿರುವುದು ಎಷ್ಟು ಎಂಬುದನ್ನು ನೇರವಾಗಿ ಗ್ರಹಿಸುವ ಶಕ್ತಿಯ ಕೊರತೆ. ಮೂರು ನಾಲ್ಕು ಚುಕ್ಕಿಗಳನ್ನು ನಾವು ಎಣಿಸದೆಯೇ ಗುರುತಿಸುತ್ತೇವಲ್ಲ, ಅದೇ ಶಕ್ತಿ. ಕಾರ್ಯಸ್ಮೃತಿಯ (ಮಾಡುತ್ತಿರುವ ಕೆಲಸಕ್ಕೆ ಬೇಕಾದದ್ದನ್ನು ಆ ಹೊತ್ತಿಗೆ ನೆನಪಿನಲ್ಲಿ ಹಿಡಿದಿಡುವ ಶಕ್ತಿಯ) ಮಿತಿ, ಗಮನದ ತೊಂದರೆ, ಓದಿನ ತೊಂದರೆ ಇವೆಲ್ಲ ಜೊತೆ ಸೇರಿಕೊಳ್ಳುತ್ತವೆ ಎನ್ನುವವರೂ ಇದ್ದಾರೆ, ಮತ್ತು ಹಲವು ಮಕ್ಕಳಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಹಾಗಾಗಿ ಒಂದೇ ಹೆಸರಿನ ಇಬ್ಬರು ಮಕ್ಕಳಿಗೆ ಒಂದೇ ಪಾಠ ಒಗ್ಗಬೇಕೆಂದೇನಿಲ್ಲ. ಅಂದಹಾಗೆ, ನಿಮ್ಮ ವರದಿಯಲ್ಲಿ ಡಿಸ್ಕ್ಯಾಲ್ಕುಲಿಯಾ ಎಂಬ ಪದದ ಬದಲು 'ಗಣಿತದಲ್ಲಿ ನಿರ್ದಿಷ್ಟ ಕಲಿಕಾ ತೊಂದರೆ' ಎಂದಿದ್ದರೆ ಗಾಬರಿಯಾಗಬೇಡಿ. ಮಾನಸಿಕ ತೊಂದರೆಗಳನ್ನು ಗುರುತಿಸಲು ತಜ್ಞರು ಬಳಸುವ 2013ರ ಡಿಎಸ್‌ಎಮ್-5 ಕೈಪಿಡಿಯಿಂದ ಆ ಹೆಸರು ಹೆಚ್ಚು ಬಳಕೆಯಲ್ಲಿದೆ. ಸಾಮಗ್ರಿ ಹುಡುಕುವಾಗ ಎರಡೂ ಹೆಸರಿನಲ್ಲಿ ಹುಡುಕಿ.

ವರದಿ ತೊಂದರೆಯ ಹೆಸರು ಹೇಳುತ್ತದೆ, ನಾಳೆ ಸಂಜೆ ಏನು ಕಲಿಸಬೇಕೆಂದು ಸಾಮಾನ್ಯವಾಗಿ ಹೇಳುವುದಿಲ್ಲ. ಅದನ್ನು ನೀವೇ ತಿಳಿದುಕೊಳ್ಳಬಹುದು. ಪರೀಕ್ಷೆ ಎಂದು ಹೇಳದೆ, ಬಿಡುವಾಗಿದ್ದಾಗ ನೋಡಿ: ನಾಲ್ಕು ಚುಕ್ಕಿಯ ಚೀಟಿಯನ್ನು ಒಂದು ಕ್ಷಣ ತೋರಿಸಿ ಮುಚ್ಚಿದರೆ ಎಷ್ಟೆಂದು ಹೇಳುತ್ತಾಳೆಯೇ? 23ರಿಂದ ಹಿಂದಕ್ಕೆ ಎಣಿಸುವಾಗ 20 ದಾಟುವಲ್ಲಿ ತಡವರಿಸುತ್ತಾಳೆಯೇ? ಖಾಲಿ ಗೆರೆಯ ಒಂದು ತುದಿಗೆ 0, ಇನ್ನೊಂದು ತುದಿಗೆ 100 ಬರೆದು ಕೊಟ್ಟರೆ 50 ಎಲ್ಲಿಡುತ್ತಾಳೆ, 8 ಎಲ್ಲಿಡುತ್ತಾಳೆ? ಎಂಟನ್ನು ನಡುವಿನ ಹತ್ತಿರ ಇಡುವ ಮಗುವಿಗೆ ಮೂರಂಕಿಯ ಕೂಡುವ ಲೆಕ್ಕ ಕೊಟ್ಟು ಪ್ರಯೋಜನವಿಲ್ಲ. ಕಣ್ಣು, ಕಿವಿ ತಪಾಸಣೆ ಆಗಿಲ್ಲದಿದ್ದರೆ ಅದನ್ನೂ ಮಾಡಿಸಿ. ಒಂಬತ್ತು–ತೊಂಬತ್ತು, ಇಂಗ್ಲಿಷಿನ ಥರ್ಟೀನ್–ಥರ್ಟಿ, ಇವುಗಳ ನಡುವಿನ ಎಡವಟ್ಟು ಕೆಲವೊಮ್ಮೆ ಕಿವಿಯದ್ದೇ ಹೊರತು ಲೆಕ್ಕದ್ದಾಗಿರುವುದಿಲ್ಲ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಆಗಿದ್ದರೆ, ನಿಮ್ಮ ಅಭ್ಯಾಸದ ಹೊತ್ತಿನಲ್ಲಿ ಒಂದೇ ಭಾಷೆಯ ಸಂಖ್ಯೆಗಳನ್ನು ಬಳಸಿ.

ಈಗ ಸಾಮಗ್ರಿಯ ವಿಷಯ. ನಿಮ್ಮ ಮಗಳಿಗೆ ಮೊದಲು ಬೇಕಾದದ್ದು ಹತ್ತರ ಚೌಕಟ್ಟು. ರಟ್ಟಿನ ಮೇಲೆ ಐದೈದು ಮನೆಗಳ ಎರಡು ಸಾಲು ಗೀಚಿದರೆ ಮುಗಿಯಿತು. ಅಂಥವು ಎರಡು, ಜೊತೆಗೆ ಒಂದೇ ಬಣ್ಣದ ಇಪ್ಪತ್ತು ಗುಂಡಿ. ಬಣ್ಣ ಬಣ್ಣದ ಪ್ರಾಣಿಗೊಂಬೆಗಳನ್ನು ಇಟ್ಟರೆ ಮಗುವಿನ ಕಣ್ಣು ಗೊಂಬೆಯ ಮೇಲಿರುತ್ತದೆ, ಎಷ್ಟು ಎಂಬುದರ ಮೇಲಲ್ಲ.

ಮೊದಲ ಕೆಲವು ದಿನ ಕೂಡುವುದು ಬೇಡ, ಬರೀ ನೋಡುವುದು. ಚೌಕಟ್ಟಿನಲ್ಲಿ ಎಂಟು ಗುಂಡಿ ಇಟ್ಟು, ಎರಡು ಸೆಕೆಂಡ್ ತೋರಿಸಿ, ಕಾಗದ ಮುಚ್ಚಿ. "ಎಷ್ಟಿತ್ತು?" ಎಂದು ಕೇಳುವುದು ಎಲ್ಲರೂ ಮಾಡುವ ಕೆಲಸ. "ಹೇಗೆ ಕಾಣಿಸ್ತು?" ಎಂಬ ಎರಡನೇ ಪ್ರಶ್ನೆಯನ್ನು ಬಿಡಬೇಡಿ. "ಮೇಲೆ ಐದು ತುಂಬಿತ್ತು, ಕೆಳಗೆ ಮೂರು" ಎಂದರೂ ಸರಿ, "ಎರಡು ಮನೆ ಖಾಲಿ ಇತ್ತು" ಎಂದರೂ ಸರಿ. ಈ ಎರಡನೇ ಉತ್ತರ ಅವಳ ಬಾಯಲ್ಲಿ ತಾನಾಗಿ ಬಂದ ದಿನ ಎಂಟು ಗುಂಪಾಗಿದೆ ಎಂದುಕೊಳ್ಳಿ.

ಆಮೇಲೆ 8 + 5. ಒಂದು ಚೌಕಟ್ಟಿನಲ್ಲಿ ಎಂಟು, ಇನ್ನೊಂದರಲ್ಲಿ ಐದು. ಎಣಿಸಲು ಹೇಳಬೇಡಿ. "ಈ ಚೌಕಟ್ಟು ತುಂಬಬೇಕಾದರೆ ಎಷ್ಟು ಬೇಕು?" "ಎರಡು." "ಎಲ್ಲಿಂದ ತರ್ತೀಯ?" ಐದರಿಂದ ಎರಡು ಗುಂಡಿ ಸರಿಸುತ್ತಾಳೆ. ಈಗ ಒಂದು ತುಂಬಿದ ಚೌಕಟ್ಟು, ಪಕ್ಕದಲ್ಲಿ ಮೂರು ಗುಂಡಿ. ಹದಿಮೂರು ಎಂದು ಅವಳೇ ಓದುತ್ತಾಳೆ. ಗುಂಡಿ ಸರಿಸುವಾಗ ಅವಳು ಬಾಯಿಬಿಟ್ಟು ಹೇಳಬೇಕು: "ಐದನ್ನ ಎರಡು, ಮೂರು ಅಂತ ಒಡೆದೆ." ಕೈ ಮಾಡಿದ್ದನ್ನು ಬಾಯಿ ಹೇಳದಿದ್ದರೆ ಅದು ಕೈಯಲ್ಲೇ ಉಳಿದುಬಿಡುತ್ತದೆ. 9 + 4, 7 + 5, 8 + 6 ಎಲ್ಲವೂ ಇದೇ ಚೌಕಟ್ಟಿನಲ್ಲಿ. ಅವಸರ ಬೇಡ. ಇದಕ್ಕೆ ಒಂದೆರಡು ತಿಂಗಳು ಹಿಡಿದರೆ ಹಿಡಿಯಲಿ.

ಬಹಳ ಮನೆಗಳಲ್ಲಿ, ಎಷ್ಟೋ ತರಗತಿಗಳಲ್ಲೂ, ಕೆಲಸ ಇಲ್ಲಿಗೇ ನಿಲ್ಲುತ್ತದೆ. ಗುಂಡಿ ಇದ್ದಾಗ ಲೆಕ್ಕ ಬರುತ್ತದೆ, ಪುಸ್ತಕ ತೆರೆದರೆ ಮತ್ತೆ ಬೆರಳು. ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಕೈಯಲ್ಲಿ ಮಾಡುವುದು, ಚಿತ್ರವಾಗಿ ಕಾಣುವುದು, ಚಿಹ್ನೆಯಾಗಿ ಬರೆಯುವುದು ಎಂದು ಕಲಿಕೆಯ ಮೂರು ಬಗೆಗಳನ್ನು ಗುರುತಿಸಿದ್ದರು. ವಸ್ತು, ಚಿತ್ರ, ಅಂಕಿ ಎಂದು ಇಂದು ಎಲ್ಲರೂ ಹೇಳುವ ಕ್ರಮ ಅದರ ಮೇಲೇ ನಿಂತಿದೆ. ಆದರೆ ಅವು ಒಂದು ಮುಗಿದ ಮೇಲೆ ಇನ್ನೊಂದು ಏರುವ ಮೆಟ್ಟಿಲುಗಳಲ್ಲ, ಮೂರೂ ಒಟ್ಟೊಟ್ಟಿಗೆ ಇರಬೇಕು. ಗುಂಡಿ ಸರಿಸಿದ ಕೂಡಲೇ ಪಕ್ಕದ ಹಾಳೆಯಲ್ಲಿ 8 + 2 + 3 ಎಂದು ಬರೆಸಿ. ಕೆಲವು ದಿನ ಕಳೆದ ಮೇಲೆ ಗುಂಡಿಯ ಮೇಲೆ ಕಾಗದ ಮುಚ್ಚಿ, "ಒಳಗೆ ಏನು ನಡೀತಿದೆ ಹೇಳು" ಎನ್ನಿ. ಮುಚ್ಚಿಟ್ಟದ್ದನ್ನು ಮನಸ್ಸಿನಲ್ಲಿ ಕಾಣುವ ಈ ಹಂತವೇ ವಸ್ತುವಿನಿಂದ ಅಂಕಿಗೆ ದಾಟಿಸುತ್ತದೆ. ತಡವರಿಸಿದರೆ ಕಾಗದ ತೆಗೆದು ನೋಡಲಿ, ಅದರಲ್ಲಿ ಸೋಲೇನೂ ಇಲ್ಲ. ಬೆರಳನ್ನೂ ಬೈಯಬೇಡಿ. ಒಂದರಿಂದ ಎಣಿಸುವ ಬೆರಳು ಕ್ರಮೇಣ ಎಂಟರಿಂದ ಮುಂದಕ್ಕೆ ಎಣಿಸುವ ಬೆರಳಾಗಲಿ, ಆಮೇಲೆ ತಾನೇ ಬಿಟ್ಟುಹೋಗುತ್ತದೆ.

ಕೊಂಡು ತರುವ ಸಾಮಗ್ರಿಗಳಲ್ಲಿ ನನಗೆ ಇಷ್ಟವಾದದ್ದು ಕ್ವೀಸಿನೇರ್ ಕಡ್ಡಿಗಳು. ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವೀಸಿನೇರ್ ರೂಪಿಸಿದವು; ಜಗತ್ತಿಗೆ ಪರಿಚಯಿಸಿದ್ದು ಶಿಕ್ಷಣತಜ್ಞ ಕೇಲಬ್ ಗಟೇನ್ಯೊ. 1 ಸೆಂಟಿಮೀಟರಿನ ಬಿಳಿ ಕಡ್ಡಿಯಿಂದ 10 ಸೆಂಟಿಮೀಟರಿನ ಕಿತ್ತಳೆ ಕಡ್ಡಿಯವರೆಗೆ ಒಂದೊಂದು ಉದ್ದಕ್ಕೆ ಒಂದೊಂದು ಬಣ್ಣ. ಕಡ್ಡಿಯ ಮೇಲೆ ಗೀಟಿಲ್ಲದ ಕಾರಣ ಒಂದೊಂದಾಗಿ ಎಣಿಸಲು ದಾರಿಯೇ ಇಲ್ಲ, ಮಗು ಉದ್ದವನ್ನು ಹೋಲಿಸಲೇಬೇಕಾಗುತ್ತದೆ. ಎಣಿಕೆಗೆ ಅಂಟಿಕೊಂಡ ಮಗುವಿಗೆ ಇದು ಒಳ್ಳೆಯದು. ಒಂದು ಅಪಾಯ ಉಂಟು: ಕೆಲವು ಮಕ್ಕಳು ಕಪ್ಪು ಎಂದರೆ ಏಳು ಎಂದು ಬಣ್ಣವನ್ನೇ ಬಾಯಿಪಾಠ ಮಾಡಿಬಿಡುತ್ತಾರೆ. ಕಪ್ಪು ಕಡ್ಡಿಯ ಉದ್ದಕ್ಕೆ ಸರಿಹೊಂದುವ ಜೋಡಿಗಳನ್ನೆಲ್ಲ ಹುಡುಕಲು ಹೇಳಿದರೆ ಇದರಿಂದ ತಪ್ಪಿಸಿಕೊಳ್ಳಬಹುದು. ನ್ಯೂಮಿಕಾನ್ ಎಂಬ ತೂತುಗಳಿರುವ ತಟ್ಟೆಗಳು ಸಮ-ಬೆಸ ತೋರಿಸುವುದಕ್ಕೆ ಚೆನ್ನ. ಹತ್ತರ ಚೌಕಟ್ಟು ಒಗ್ಗಿದ ಮಗುವಿಗೆ ಅದು ಬೇಕೇ ಬೇಕು ಎಂದೇನೂ ನನಗೆ ಅನ್ನಿಸುವುದಿಲ್ಲ.

ಅಬ್ಯಾಕಸ್ ಕ್ಲಾಸು? ಬಿಡಿಸಿ ಎನ್ನುತ್ತೇನೆ, ಕನಿಷ್ಠ ಸದ್ಯಕ್ಕೆ. ಆ ತರಗತಿಗಳ ಗುರಿ ವೇಗ. ಮಣಿ ಸರಿಸುವ ನಿಯಮಗಳು ಹಲವು, ನೆನಪಿಟ್ಟುಕೊಂಡರೆ ಉತ್ತರ ಬರುತ್ತದೆ. ಆದರೆ ಎಂಟು ಎಂದರೆ ಎಷ್ಟು ಎಂಬುದೇ ಅಲುಗಾಡುತ್ತಿರುವ ಮಗುವಿಗೆ ಅದು ನೆನಪಿಡಬೇಕಾದ ಇನ್ನೊಂದು ಹೊರೆ. ಮಣಿಗಳೇ ಬೇಕೆಂದಿದ್ದರೆ ನೆದರ್ಲೆಂಡ್ಸ್‌ನ ಗಣಿತ ಶಿಕ್ಷಣತಜ್ಞ ಆ್ಯಡ್ರಿಯನ್ ಟ್ರೆಫರ್ಸ್ ರೂಪಿಸಿದ ರೇಕನ್‌ರೆಕ್ ನೋಡಿ. ಎರಡು ಸಾಲು, ಸಾಲಿಗೆ ಹತ್ತು ಮಣಿ, ಐದು ಕೆಂಪು, ಐದು ಬಿಳಿ, ಅಷ್ಟೆ. ಏಳು ಮಣಿ ಸರಿಸಿದಾಗ ಐದು ಕೆಂಪು, ಎರಡು ಬಿಳಿ ಎಂದು ಕಣ್ಣಿಗೇ ಕಾಣುತ್ತದೆ. ದಾರಕ್ಕೆ ಮಣಿ ಪೋಣಿಸಿ ಮನೆಯಲ್ಲೇ ಮಾಡಬಹುದು.

3005ರ ಕಥೆಗೆ ಬರೋಣ. ಇದಕ್ಕೆ ಎರಡು ಸಾಮಗ್ರಿ ಜೊತೆಯಾಗಿ ಬೇಕು. ಒಂದು, ಗಣಿತಜ್ಞ ಜೋಲ್ಟಾನ್ ಡೀನೆಶ್ ಹೆಸರಿನಲ್ಲಿ ಪ್ರಸಿದ್ಧವಾದ ಘನಗಳು: ಬಿಡಿಗೆ ಪುಟ್ಟ ಘನ, ಹತ್ತಕ್ಕೆ ಕೋಲು, ನೂರಕ್ಕೆ ಹಲಗೆ. ಚೌಕುಳಿ ಹಾಳೆಯನ್ನು ರಟ್ಟಿಗೆ ಅಂಟಿಸಿ ಕತ್ತರಿಸಿದರೂ ಸಾಕು. ಇನ್ನೊಂದು, ಒಂದರ ಮೇಲೊಂದು ಕೂರುವ ಸ್ಥಾನಬೆಲೆ ಪಟ್ಟಿಗಳು. 300 ಎಂದು ಬರೆದ ಪಟ್ಟಿ ಮೂರು ಅಂಕಿಯಷ್ಟು ಉದ್ದ, 40ರದ್ದು ಎರಡು ಅಂಕಿಯಷ್ಟು, 5ರದ್ದು ಒಂದೇ. ಮಗಳ ಮುಂದೆ ನೂರರ ಮೂರು ಹಲಗೆ, ಐದು ಬಿಡಿ ಇಡಿ. ಅದಕ್ಕೆ ತಕ್ಕ ಪಟ್ಟಿ ಆರಿಸಲು ಹೇಳಿ: 300, 5. ಈಗ ಬಲ ಅಂಚು ಸರಿಹೊಂದುವಂತೆ 5ರ ಪಟ್ಟಿಯನ್ನು 300ರ ಮೇಲೆ ಇಡಲಿ. ಕೊನೆಯ ಸೊನ್ನೆ ಮುಚ್ಚಿಹೋಗಿ 305 ಕಾಣುತ್ತದೆ. ಎತ್ತಿ ನೋಡಿದರೆ ಸೊನ್ನೆಗಳು ಕೆಳಗೇ ಇವೆ. "ನಡುವಿನ ಸೊನ್ನೆ ಯಾಕೆ ಉಳೀತು?" ಎಂದು ಕೇಳಿ, ಹಲಗೆಗಳತ್ತ ಬೆರಳು ತೋರಿಸಿ ಕಾಯಿರಿ. "ಹತ್ತರ ಕೋಲೇ ಇಲ್ವಲ್ಲ" ಎಂಬ ಉತ್ತರ ಬರಲು ಹೊತ್ತಾಗಬಹುದು, ನೀವೇ ಹೇಳಿಬಿಡಬೇಡಿ. ನಂತರ 350 ಮಾಡಿಸಿ, 305ರ ಪಕ್ಕ ಇಟ್ಟು ಯಾವುದು ಹೆಚ್ಚು, ಎಷ್ಟು ಹೆಚ್ಚು ಎಂದು ಕೇಳಿ. ಕಳೆಯುವ ಲೆಕ್ಕದಲ್ಲಿ ಹತ್ತರ ಮನೆಯಿಂದ ಸಾಲ ತರುವುದನ್ನೂ ಇದೇ ಕೋಲುಗಳಿಂದಲೇ ಕಲಿಸಬೇಕು: ಒಂದು ಕೋಲು ಕೊಟ್ಟು ಹತ್ತು ಬಿಡಿ ತೆಗೆದುಕೊಳ್ಳುವುದು. ಆ ವಿನಿಮಯವನ್ನು ಕೈಯಾರೆ ಮಾಡದ ಮಗುವಿಗೆ ಅಂಕಿಯ ಮೇಲೆ ಗೀಟು ಹಾಕಿ ಪಕ್ಕದಲ್ಲಿ 1 ಬರೆಯುವುದು ಕಣ್ಕಟ್ಟಿನಂತೆಯೇ ಉಳಿಯುತ್ತದೆ.

ಸಂಖ್ಯಾರೇಖೆಗೆ ಆಟದ ಹಲಗೆ ಬಳಸಿ. ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಇನ್ನೂ ಸೇರದ ಬಡ ಕುಟುಂಬಗಳ ಮಕ್ಕಳು 1ರಿಂದ 10ರವರೆಗೆ ನೇರ ಸಾಲಿನಲ್ಲಿ ಮನೆಗಳಿರುವ ಹಲಗೆಯ ಮೇಲೆ ಆಡಿದರು. ಸಂಖ್ಯೆಗಳ ಬಗೆಗಿನ ಅವರ ತಿಳಿವಳಿಕೆ ಸುಧಾರಿಸಿತು. ಸಂಖ್ಯೆಗಳ ಬದಲು ಬಣ್ಣದ ಮನೆಗಳ ಮೇಲೆ ಆಡಿದವರಲ್ಲಿ ಹಾಗಾಗಲಿಲ್ಲ. ಅವರು ಡಿಸ್ಕ್ಯಾಲ್ಕುಲಿಯಾ ಇದ್ದ ಮಕ್ಕಳಲ್ಲ, ಆದ್ದರಿಂದ ಪವಾಡ ನಿರೀಕ್ಷಿಸಬೇಡಿ. ಆದರೆ ಆ ಆಟದ ಒಂದು ನಿಯಮ ಬಹಳ ಉಪಯುಕ್ತ. ಐದರ ಮನೆಯಲ್ಲಿರುವ ಕಾಯಿಯನ್ನು ಎರಡು ಮನೆ ಮುಂದೆ ಸರಿಸುವಾಗ ಮಗು "ಒಂದು, ಎರಡು" ಎನ್ನಬಾರದು, "ಆರು, ಏಳು" ಎನ್ನಬೇಕು. ಒಂದರಿಂದ ಎಣಿಸುವ ಚಾಳಿ ಇರುವ ನಿಮ್ಮ ಮಗಳಿಗೆ ಹೇಳಿ ಮಾಡಿಸಿದ ನಿಯಮ ಇದು. ಹಲಗೆ 1ರಿಂದ 10 ಬೇಡ, 20ರಿಂದ 50ರವರೆಗೆ ನೀವೇ ಬರೆಯಿರಿ. ಚಿಕ್ಕ ಮಕ್ಕಳ ಆಟ ಎಂದು ಅವಳಿಗೆ ಅವಮಾನ ಆಗುವುದಿಲ್ಲ. ಹಿಂದಕ್ಕೂ ಆಡಿಸಿ.

ಆ್ಯಪ್‌ಗಳಲ್ಲಿ ನಾನು ನೋಡುವುದು ಮೂರೇ ಸಂಗತಿ. ಪರದೆಯ ಮೇಲೆ ಅಂಕಿಯ ಜೊತೆ ಪ್ರಮಾಣವೂ ಕಾಣುತ್ತದೆಯೇ, ಓಡುವ ಗಡಿಯಾರವನ್ನು ನಿಲ್ಲಿಸಬಹುದೇ, ತಪ್ಪಿದಾಗ ಯಾಕೆ ತಪ್ಪಾಯಿತೆಂದು ತೋರಿಸುತ್ತದೆಯೇ ಅಥವಾ ಬರೀ ಕೆಂಪು ಗುರುತು ಹಾಕುತ್ತದೆಯೇ. ನೀವು ಹಾಕಿಕೊಟ್ಟಿರುವ ಮೂರನ್ನೂ ಇದೇ ಒರೆಗೆ ಹಚ್ಚಿ ನೋಡಿ. ದಿ ಮ್ಯಾಥ್ ಲರ್ನಿಂಗ್ ಸೆಂಟರ್‌ನ ಉಚಿತ ಆ್ಯಪ್‌ಗಳಾದ ನಂಬರ್ ಫ್ರೇಮ್ಸ್, ನಂಬರ್ ರ‍್ಯಾಕ್, ನಂಬರ್ ಲೈನ್ ನನಗೆ ಹಿಡಿಸುವುದು ಅವುಗಳಲ್ಲಿ ಅಂಕ, ನಕ್ಷತ್ರ, ಬಹುಮಾನ ಏನೂ ಇಲ್ಲದ ಕಾರಣಕ್ಕೇ. ಹತ್ತರ ಚೌಕಟ್ಟು, ಮಣಿಸಾಲು ಪರದೆಯ ಮೇಲೆ ಸಿಗುತ್ತವೆ, ಆಟ ಕಟ್ಟುವುದು ನೀವು. ಸಂಶೋಧಕರೇ ರೂಪಿಸಿದ ಆಟ ಬೇಕಿದ್ದರೆ ಆ್ಯನಾ ವಿಲ್ಸನ್, ಸ್ಟಾನಿಸ್ಲಾಸ್ ದೆಹೆನ್ ತಂಡದ ದಿ ನಂಬರ್ ರೇಸ್ ಉಚಿತವಾಗಿ ಸಿಗುತ್ತದೆ. ಎರಡು ಗುಂಪುಗಳಲ್ಲಿ ಹೆಚ್ಚಿರುವುದನ್ನು ಆರಿಸಿ ಅಷ್ಟು ಮನೆ ಮುಂದೆ ಹೋಗುವ ಆಟ. ಅದು ನಾಲ್ಕರಿಂದ ಎಂಟು ವರ್ಷದವರಿಗೆಂದು ಮಾಡಿದ್ದು, ಹಾಗಾಗಿ ಒಂಬತ್ತರ ನಿಮ್ಮ ಮಗಳು ಮೂಗು ಮುರಿದರೆ ಒತ್ತಾಯ ಬೇಡ.

ಮಗ್ಗಿಯ ಮಟ್ಟಿಗೆ, ಸಾಲಾಗಿ ಒಪ್ಪಿಸುವುದನ್ನು ನಿಲ್ಲಿಸಿ, ಮಗ್ಗಿಯನ್ನೇ ಕೈಬಿಡಬೇಕಿಲ್ಲ. ಒಂದರಿಂದ ಹತ್ತರವರೆಗಿನ ಮಗ್ಗಿಯಲ್ಲಿ 100 ಗುಣಲಬ್ಧಗಳಿವೆ. 1, 2, 5, 10ರ ಮಗ್ಗಿ ಬಂದರೆ ಉಳಿಯುವುದು 36. 6 × 7, 7 × 6 ಒಂದೇ ಎಂದು ಚುಕ್ಕಿಗಳ ಚೌಕವನ್ನು ತಿರುಗಿಸಿ ತೋರಿಸಿದರೆ ಅದು 21ಕ್ಕೆ ಇಳಿಯುತ್ತದೆ. ಈ 21ನ್ನೂ ಕಟ್ಟಿಕೊಳ್ಳಬಹುದು: ಐದು ಏಳು ಮೂವತ್ತೈದು, ಇನ್ನೊಂದು ಏಳು ಸೇರಿದರೆ ನಲವತ್ತೆರಡು, ಅದೇ ಆರು ಏಳು. ನಾಲ್ಕರದ್ದು ಎರಡರ ಎರಡರಷ್ಟು. ಒಂಬತ್ತರದ್ದು ಹತ್ತರಿಂದ ಒಂದು ಸಲ ಕಡಿಮೆ. ಮರೆತರೂ ಹುಡುಕಿಕೊಳ್ಳಲು ದಾರಿ ಇದೆ ಎಂದು ಗೊತ್ತಾದ ಮಗುವಿನ ಭಯ ಅರ್ಧ ಇಳಿಯುತ್ತದೆ. ಗಡಿಯಾರ ಇಟ್ಟು ಅಭ್ಯಾಸ ಮಾಡಿಸುವ ಬಗ್ಗೆ ಭಿನ್ನಾಭಿಪ್ರಾಯವಿದೆ. ಗಣಿತದಲ್ಲಿ ಹಿಂದುಳಿದ ಪ್ರಾಥಮಿಕ ಶಾಲಾ ಮಕ್ಕಳಿಗಾಗಿ ಅಮೆರಿಕದ ಶಿಕ್ಷಣ ವಿಜ್ಞಾನ ಸಂಸ್ಥೆ 2021ರಲ್ಲಿ ಹೊರತಂದ ಉಚಿತ ಮಾರ್ಗದರ್ಶಿ, ಚಿಕ್ಕ ಅವಧಿಯ ಗಡಿಯಾರದ ಅಭ್ಯಾಸವನ್ನು ಶಿಫಾರಸು ಮಾಡುತ್ತದೆ. ಸಂಖ್ಯಾರೇಖೆ, ವಸ್ತು-ಚಿತ್ರಗಳ ಬಳಕೆ, ಗಣಿತದ ಭಾಷೆ ಇವುಗಳ ಬಗ್ಗೆ ಅದರಲ್ಲಿರುವುದನ್ನು ಶಿಕ್ಷಕರು ಓದಲೇಬೇಕು. ಗಡಿಯಾರದ ವಿಷಯದಲ್ಲಿ ಮಾತ್ರ ನಾನು ಒಂದು ಷರತ್ತು ಹಾಕುತ್ತೇನೆ. ಚೆನ್ನಾಗಿ ಅರ್ಥವಾದ ಲೆಕ್ಕಗಳಿಗೆ ಮಾತ್ರ, ಮತ್ತು ಅವಳ ಇಂದಿನ ಓಟ ಅವಳದೇ ನಿನ್ನೆಯದರ ಜೊತೆ. ಸಮಯ ಎಂದ ಕೂಡಲೇ ಕೈ ಬೆವರುವ ಮಗುವಾದರೆ ಅದೂ ಬೇಡ. ಆತಂಕ ಕಾರ್ಯಸ್ಮೃತಿಯನ್ನೇ ತಿಂದುಹಾಕುತ್ತದೆ, ಲೆಕ್ಕಕ್ಕೆ ಉಳಿಯುವುದು ಚೂರು.

ದಿನಕ್ಕೆ ಹದಿನೈದು ನಿಮಿಷ, ವಾರಕ್ಕೆ ನಾಲ್ಕೈದು ದಿನ ಸಾಕು. ಗೊತ್ತಿರುವುದರಿಂದ ಶುರು ಮಾಡಿ, ಹೊಸದು ಒಂದೇ ಒಂದು ಇರಲಿ. ವರ್ಕ್‌ಶೀಟ್ ಪುಸ್ತಕಗಳನ್ನು ಎಸೆಯಬೇಡಿ. ಒಂದು ಪುಟದಿಂದ ಮೂರು ಲೆಕ್ಕ ಆರಿಸಿ, ಪ್ರತಿಯೊಂದನ್ನೂ ಹೇಗೆ ಮಾಡಿದೆ ಎಂದು ಹೇಳಿಸಿ. ಮೂವತ್ತು ಲೆಕ್ಕವನ್ನು ತಪ್ಪು ದಾರಿಯಲ್ಲಿ ಮಾಡಿದರೆ ಆ ದಾರಿಯೇ ಗಟ್ಟಿಯಾಗುತ್ತದೆ.

ಶಾಲೆಯಲ್ಲಿ ಕೇಳಬೇಕಾದದ್ದನ್ನು ಒಂದೇ ಪುಟದಲ್ಲಿ ಬರೆದುಕೊಂಡು ಹೋಗಿ, ವರದಿಯ ಪ್ರತಿಯ ಜೊತೆ. ಪರೀಕ್ಷೆಗೆ ಹೆಚ್ಚುವರಿ ಸಮಯ. ಅಂಕಿಗಳು ಸಾಲು ತಪ್ಪದಂತೆ ಚೌಕುಳಿ ಪುಸ್ತಕ. ಮೇಜಿನ ಮೇಲೆ ಮಗ್ಗಿಯ ಕೋಷ್ಟಕ. ಪರೀಕ್ಷಿಸುತ್ತಿರುವುದು ಕ್ಷೇತ್ರಫಲವನ್ನೋ ವಾಕ್ಯರೂಪದ ಸಮಸ್ಯೆಯನ್ನೋ ಆಗಿದ್ದರೆ ಕ್ಯಾಲ್ಕುಲೇಟರ್, ಏಕೆಂದರೆ ಗುಣಾಕಾರ ಬಾರದ್ದಕ್ಕೆ ಕ್ಷೇತ್ರಫಲವೂ ಬರುವುದಿಲ್ಲ ಎಂದು ಅಂಕ ಕಳೆಯುವುದು ಅನ್ಯಾಯ. ಮನೆಗೆಲಸದಲ್ಲಿ ಲೆಕ್ಕಗಳ ಸಂಖ್ಯೆ ಕಡಿಮೆ ಇರಲಿ, ಬಗೆ ಕಡಿಮೆ ಬೇಡ. ಮುನ್ಸೂಚನೆ ಇಲ್ಲದೆ ಬೋರ್ಡಿನ ಮುಂದೆ ಕರೆಯಬಾರದು, ಎಲ್ಲರೆದುರು ಬಾಯಿಲೆಕ್ಕದ ಸ್ಪರ್ಧೆಗೆ ನಿಲ್ಲಿಸಬಾರದು. ಈ ಅನುಕೂಲಗಳನ್ನು ಎಲ್ಲ ಶಿಕ್ಷಕರೂ ಒಪ್ಪುವುದಿಲ್ಲ, ಬೇರೆ ಮಕ್ಕಳಿಗೆ ಅನ್ಯಾಯ ಎನ್ನುವವರಿದ್ದಾರೆ. ಅವರ ಜೊತೆ ವಾದಕ್ಕಿಳಿಯುವ ಬದಲು ಅದೇ ಪುಟದ ಹಿಂಬದಿಯಲ್ಲಿ ಅವಳು ಈಗ ಏನೇನು ಮಾಡಬಲ್ಲಳು ಎಂದು ಬರೆಯಿರಿ: ಹತ್ತರೊಳಗಿನ ಜೋಡಿಗಳು ಬರುತ್ತವೆ, ಹತ್ತು ದಾಟುವ ಕೂಡುವಿಕೆಗೆ ಚೌಕಟ್ಟು ಬೇಕು, ಮೂರಂಕಿಯ ಸಂಖ್ಯೆಗೆ ಪಟ್ಟಿ ಬೇಕು. ತರಗತಿಯಲ್ಲೂ ಅದೇ ಚೌಕಟ್ಟು, ಅದೇ ಪಟ್ಟಿ ಬಳಸಲು ಅವಕಾಶ ಕೇಳಿ. ಮನೆಯಲ್ಲಿ ಒಂದು ವಿಧಾನ, ಶಾಲೆಯಲ್ಲಿ ಇನ್ನೊಂದು, ಅಬ್ಯಾಕಸ್ ಕ್ಲಾಸಿನಲ್ಲಿ ಮತ್ತೊಂದು ಆದರೆ ಅವಳು ಮೂರರ ನಡುವೆ ಸಿಕ್ಕಿಕೊಳ್ಳುತ್ತಾಳೆ. ಮೂರು ತಿಂಗಳಿಗೊಮ್ಮೆ ಆ ಪುಟವನ್ನು ಹೊಸದಾಗಿ ಬರೆದು ಕೊಡಿ.